ನೀರು ಎಲ್ಲಿಗೆ ಹೋಗುತ್ತದೆ? ಮಾದರಿ ರೈಲಿಗೆ ನಿಜದಂಥ ಹಳಿ ಕಟ್ಟುವ ಬಗ್ಗೆ

(ಮಾದರಿ ರೈಲು ಕಟ್ಟುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಮೇಜಿನ ಮೇಲೆ ಇಟ್ಟು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಹಲಗೆ ಇಟ್ಟಿದ್ದೇನೆ. ಎರಡೂ ಒಂದೊಂದು ಮೊಳ ಉದ್ದ. ಎರಡರ ಮೇಲೂ ಒಂದೇ ಡಬ್ಬಿಯಿಂದ ತೆಗೆದ ಹಳಿ ಇದೆ. ಮೊದಲನೆಯದನ್ನು ಅಂಗಡಿಯಿಂದ ಹೇಗೆ ಬಂತೋ ಹಾಗೇ ಮೊಳೆ ಹೊಡೆದು ಕೂರಿಸಿದ್ದೇನೆ. ಎರಡನೆಯದಕ್ಕೆ ನಾಲ್ಕು ಸಂಜೆ ಕೆಲಸ ಮಾಡಿದ್ದೇನೆ. ಈಗ ಇದೇ ಎಂಜಿನನ್ನು ಮೊದಲು ಇಲ್ಲಿ ಇಡುತ್ತೇನೆ, ಆಮೇಲೆ ಅಲ್ಲಿ. ಸ್ವಲ್ಪ ಬಗ್ಗಿ, ಕಣ್ಣನ್ನು ಚಕ್ರದ ಮಟ್ಟಕ್ಕೆ ತಂದು ನೋಡಿ. ಎಂಜಿನ್ ಅದೇ. ಆದರೂ ಎರಡನೇ ಹಲಗೆಯ ಮೇಲೆ ಅದಕ್ಕೆ ತೂಕ ಬಂದ ಹಾಗಿದೆ, ಅಲ್ವಾ?

ನಾವು ಎಂಜಿನ್‌ಗೆ ತಿಂಗಳುಗಟ್ಟಲೆ ಬಣ್ಣ ಹಚ್ಚುತ್ತೇವೆ. ಸ್ಟೇಷನ್ನಿನ ಕಿಟಕಿಗೆ ಪರದೆ ಕೂಡ ಕಟ್ಟುತ್ತೇವೆ. ಹಳಿಯನ್ನು ಮಾತ್ರ ಸುಮ್ನೆ ಜೋಡಿಸಿ ಮುಂದೆ ಹೋಗುತ್ತೇವೆ. ಆದರೆ ಇಡೀ ಲೇಔಟ್‌ನಲ್ಲಿ, ಅಂದರೆ ನಾವು ಕಟ್ಟಿದ ಮಾದರಿ ರೈಲಿನ ದೃಶ್ಯದಲ್ಲಿ, ಎಲ್ಲಕ್ಕಿಂತ ಉದ್ದವಾದ ಮಾದರಿ ಯಾವುದು? ಹಳಿಯೇ. ರೈಲಿನ ಪ್ರತಿ ಫೋಟೋದಲ್ಲೂ ಅದು ಇದ್ದೇ ಇರುತ್ತದೆ. ಅದು ಆಟಿಕೆಯ ಹಾಗಿದ್ದರೆ ಅದರ ಮೇಲಿರುವುದೆಲ್ಲ ಆಟಿಕೆಯೇ ಆಗಿಬಿಡುತ್ತದೆ.

ಹಳಿ ನಿಜದಂತೆ ಕಾಣಲು ಏನು ಮಾಡಬೇಕು ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಮಳೆ ಬಂದರೆ ಈ ಹಳಿಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ನಿಜವಾದ ಹಳಿಯ ರೂಪವೆಲ್ಲ ಎರಡು ಕಾರಣಕ್ಕೆ ಹುಟ್ಟಿದ್ದು. ಮೇಲಿನ ಭಾರವನ್ನು ನೆಲಕ್ಕೆ ಹಂಚಬೇಕು, ಬಿದ್ದ ನೀರನ್ನು ಬೇಗ ಹೊರಗೆ ಹಾಕಬೇಕು. ಚಕ್ರದ ಭಾರ ಕಂಬಿಗೆ, ಕಂಬಿಯಿಂದ ಅದರಡಿ ಅಡ್ಡಲಾಗಿ ಇಡುವ ದಿಮ್ಮಿ ಅಂದರೆ ಸ್ಲೀಪರ್‌ಗೆ, ಸ್ಲೀಪರ್‌ನಿಂದ ಜಲ್ಲಿಗೆ, ಜಲ್ಲಿಯಿಂದ ಮಣ್ಣಿಗೆ. ಕೆಳಗೆ ಹೋದಂತೆ ಅಗಲವಾಗುತ್ತಾ ಹೋಗುತ್ತದೆ. ಜಲ್ಲಿ ಗುಂಡಗಿರದೆ ಮೊನಚಾಗಿರುವುದು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲಲಿ ಅಂತ. ನಡುವೆ ಸಂದು ಇರುವುದು ನೀರು ಇಳಿದು ಹೋಗಲಿ ಅಂತ. ಇಷ್ಟು ಮನಸ್ಸಿನಲ್ಲಿದ್ದರೆ ಕೈಗೆ ಅರ್ಧ ಕೆಲಸ ತಾನೇ ಗೊತ್ತಾಗುತ್ತದೆ.

ಹಾಗಾಗಿ ಮೊದಲ ಕೆಲಸ ನೋಡುವುದು. ಪ್ಲಾಟ್‌ಫಾರ್ಮ್‌ನಿಂದ, ಮೇಲ್ಸೇತುವೆಯಿಂದ, ಗೇಟ್ ಹತ್ತಿರ ನಿಂತು ನೋಡಿ. ದಯವಿಟ್ಟು ಹಳಿಯ ಮೇಲೆ ಇಳಿಯಬೇಡಿ. ಫೋಟೋ ತೆಗೆಯುವಾಗ ರೈಲು ಹೋದ ಮೇಲೂ ಒಂದು ತೆಗೆಯಿರಿ. ಬರೀ ಹಳಿಯ ಫೋಟೋ ನಮ್ಮಲ್ಲಿ ಯಾರ ಹತ್ತಿರವೂ ಜಾಸ್ತಿ ಇರುವುದಿಲ್ಲ. ಬೇಕಾಗುವುದು ಅದೇ.

ಈಗ ಸ್ವಲ್ಪ ಲೆಕ್ಕ. ಎಚ್‌ಒ ಸ್ಕೇಲ್ (ಮಾದರಿಯ ಅಳತೆಯ ಒಂದು ಹೆಸರು) ಅಂದರೆ 1:87, ನಿಜದ 87ರಲ್ಲಿ ಒಂದು ಪಾಲು. ಗೇಜ್ ಅಂದರೆ ಎರಡು ಕಂಬಿಗಳ ನಡುವಿನ ಅಂತರ. ನಿಜವಾದ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 16.5 ಮಿ.ಮೀ. ಸರಿಯಾಗಿ ಕೂರುತ್ತದೆ. ಬ್ರಿಟನ್ನಿನ ಒಒ ಸ್ಕೇಲ್‌ನಲ್ಲಿ ಈ ಭಾಗ್ಯವಿಲ್ಲ. ಅಲ್ಲಿ ರೈಲು 1:76, ಹಳಿ ಮಾತ್ರ ಅದೇ 16.5 ಮಿ.ಮೀ. ಹಿಗ್ಗಿಸಿ ನೋಡಿದರೆ ಗೇಜ್ ನಿಜಕ್ಕಿಂತ ಸುಮಾರು 18 ಸೆಂ.ಮೀ. ಕಿರಿದು. ಮುಂದಿನಿಂದ ನೋಡಿದಾಗ ಎಂಜಿನ್ ಕಾಲು ಕೂಡಿಸಿ ನಿಂತ ಹಾಗೆ ಕಾಣುವುದು ಇದಕ್ಕೇ. ಇದನ್ನು ಸಹಿಸಲಾರದವರು ಅಲ್ಲಿ 18.2 ಮಿ.ಮೀ.ನ ಇಎಂ, 18.83 ಮಿ.ಮೀ.ನ ಪಿ4 ಅಂತ ಬೇರೆ ಗೇಜ್‌ಗಳನ್ನೇ ಮಾಡಿಕೊಂಡರು. ಆ ಹಟದ ಬಗ್ಗೆ ನನಗೆ ತುಂಬ ಗೌರವ ಇದೆ.

ಎಚ್‌ಒದಲ್ಲಿ ಗೇಜ್ ಸರಿ ಇದ್ದರೂ ಮೋಸ ಆಗುವುದು ಕಂಬಿಯ ಎತ್ತರದಲ್ಲಿ. ಹಳಿಯ ಡಬ್ಬಿಯ ಮೇಲೆ ಕೋಡ್ 100, ಕೋಡ್ 83, ಕೋಡ್ 70 ಅಂತ ಬರೆದಿರುತ್ತದಲ್ಲ, ಅದು ಕಂಬಿಯ ಎತ್ತರ, ಇಂಚಿನ ಸಾವಿರದ ಒಂದಂಶದ ಲೆಕ್ಕದಲ್ಲಿ. ಕೋಡ್ 100 ಅಂದರೆ 2.54 ಮಿ.ಮೀ. ಅದನ್ನು 87 ಪಟ್ಟು ಹಿಗ್ಗಿಸಿದರೆ 22 ಸೆಂ.ಮೀ. ಆಗುತ್ತದೆ. ಯುರೋಪಿನ ಭಾರಿ ಮುಖ್ಯ ಮಾರ್ಗಗಳಲ್ಲಿ ಹಾಕುವ, ಮೀಟರ್‌ಗೆ 60 ಕೆ.ಜಿ. ತೂಗುವ ಕಂಬಿಯೇ 17.2 ಸೆಂ.ಮೀ. ಎತ್ತರ ಇರುವುದು. ಅಂದರೆ ಕೋಡ್ 100 ಕಂಬಿ ಅದಕ್ಕಿಂತ ಸುಮಾರು ಐದು ಸೆಂ.ಮೀ. ಹೆಚ್ಚು. ಕೋಡ್ 83 ಭಾರಿ ಮುಖ್ಯ ಮಾರ್ಗಕ್ಕೆ ಒಪ್ಪುತ್ತದೆ. ಕೋಡ್ 70 ಹಿಗ್ಗಿಸಿದರೆ 15.5 ಸೆಂ.ಮೀ., ಅದು ಸಾಧಾರಣ ಮಾರ್ಗಕ್ಕೆ ಸರಿ. ಗೂಡ್ಸ್ ಶೆಡ್ ಹಿಂದಿನ ಹಳೇ ಸೈಡಿಂಗ್‌ಗೆ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿಗೆ) ಕೋಡ್ 55 ಹಾಕಿ ನೋಡಿ. ಮುಖ್ಯ ಮಾರ್ಗದ ಪಕ್ಕದಲ್ಲಿ ಅದು ಬಡಕಲಾಗಿ ಕಂಡಾಗಲೇ ಮುಖ್ಯ ಮಾರ್ಗಕ್ಕೆ ಗಾಂಭೀರ್ಯ ಬರುವುದು. ಚಕ್ರದ ಅಂಚು ತುಂಬ ಆಳವಿರುವ ಹಳೆಯ ಬೋಗಿಗಳು ಸಣ್ಣ ಕಂಬಿಯ ಮೇಲೆ ಮೊಳೆಗಳಿಗೆ ತಾಗಿ ಕಟಕಟ ಅನ್ನುತ್ತವೆ. ಕೊಳ್ಳುವ ಮೊದಲು ನಿಮ್ಮ ಚಕ್ರಗಳನ್ನು ಒಮ್ಮೆ ಓಡಿಸಿ ನೋಡಿ.

ಈಗಾಗಲೇ ಎಲ್ಲ ಕೋಡ್ 100 ಹಾಕಿಬಿಟ್ಟಿದ್ದೇನೆ ಅನ್ನುವವರು ಬೇಸರ ಮಾಡಿಕೊಳ್ಳಬೇಡಿ. ಕಂಬಿಯ ಬದಿಗೆ ಸರಿಯಾದ ಬಣ್ಣ ಬಿದ್ದರೆ ಕಣ್ಣಿಗೆ ಅದರ ಎತ್ತರ ಎಷ್ಟೋ ಕಡಿಮೆಯಾಗುತ್ತದೆ. ಆ ಮಾತಿಗೆ ಬರುತ್ತೇನೆ.

ತಿರುವಿನ ಬಗ್ಗೆ ಎರಡೇ ಮಾತು. ಡಬ್ಬಿಯಲ್ಲಿ ಬರುವ 18 ಇಂಚು ತ್ರಿಜ್ಯದ ತಿರುವನ್ನು ಎಚ್‌ಒದಲ್ಲಿ ಹಿಗ್ಗಿಸಿದರೆ 40 ಮೀಟರ್ ಆಗುತ್ತದೆ. ನಿಜವಾದ ಮುಖ್ಯ ಮಾರ್ಗದಲ್ಲಿ 300 ಮೀಟರ್ ಅಂದರೂ ಬಿಗಿ ತಿರುವೇ, ಅದು ನಮಗೆ ಮೂರೂವರೆ ಮೀಟರ್. ಮನೆಯ ಕೋಣೆಯಲ್ಲಿ ಅಷ್ಟು ಜಾಗ ಯಾರಿಗೂ ಇರಲ್ಲ. ಆದರೆ ನೇರ ಹಳಿಯಿಂದ ತಿರುವಿಗೆ ಒಂದೇ ಏಟಿಗೆ ಹೋಗದೆ ನಿಧಾನವಾಗಿ ಬಾಗುತ್ತಾ ಹೋಗುವುದು ನಮ್ಮ ಕೈಯಲ್ಲೇ ಇದೆ. ವೃತ್ತವನ್ನು ನೇರ ಗೆರೆಯಿಂದ ಸುಮಾರು 1 ಸೆಂ.ಮೀ. ಒಳಗೆ ಎಳೆಯಿರಿ. ಎರಡನ್ನೂ ಬಾಗುವ ಒಂದು ತೆಳು ಮರದ ಪಟ್ಟಿಯಿಂದ ಸೇರಿಸಿ. ಆ ಪಟ್ಟಿ ತಾನಾಗಿ ಬಾಗುವ ಗೆರೆಯೇ ನಿಮ್ಮ ಹಳಿಯ ಗೆರೆ. ಹೊರಗಿನ ಕಂಬಿಯ ಕೆಳಗೆ ಅರ್ಧ ಮಿ.ಮೀ. ದಪ್ಪದ ಕಾರ್ಡ್ ಪಟ್ಟಿ ಇಟ್ಟು ಸ್ವಲ್ಪ ಎತ್ತರಿಸಿದರೆ ರೈಲು ತಿರುವಿನಲ್ಲಿ ಒಳಗೆ ವಾಲುತ್ತದೆ. ಅದನ್ನು ನೋಡಿದ ಮೇಲೆ ಚಪ್ಪಟೆ ತಿರುವು ಹಾಕಲು ನಿಮಗೆ ಮನಸ್ಸೇ ಬರಲ್ಲ.

ಮತ್ತೆ ನೀರಿಗೆ ಬರೋಣ. ಮುಖ್ಯ ಮಾರ್ಗ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿ ಇರುತ್ತದೆ. ಪಕ್ಕದಲ್ಲಿ ಜಲ್ಲಿಯ ಇಳಿಜಾರು, ಅದರಾಚೆ ಕೆಲಸಗಾರರು ನಡೆಯುವ ಸಮತಟ್ಟು ಜಾಗ, ಅದರಾಚೆ ಚರಂಡಿ. ಲೂಪ್ ಲೈನ್, ಅಂದರೆ ಮುಖ್ಯ ಮಾರ್ಗದಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಹಳಿ, ಸ್ವಲ್ಪ ತಗ್ಗು. ಸೈಡಿಂಗ್ ಇನ್ನೂ ತಗ್ಗು, ಎಷ್ಟೋ ಕಡೆ ನೆಲಮಟ್ಟಕ್ಕೇ ಇಳಿದಿರುತ್ತದೆ. ಮಾದರಿಯಲ್ಲಿ ಮುಖ್ಯ ಮಾರ್ಗಕ್ಕೆ 5 ಮಿ.ಮೀ. ಕಾರ್ಕ್ ಹಾಕಿದರೆ ಲೂಪ್‌ಗೆ 3 ಮಿ.ಮೀ. ಸಾಕು, ಸೈಡಿಂಗ್‌ಗೆ ಹಲಗೆಯ ಮೇಲೆ ನೇರವಾಗಿ ಕೂರಿಸಿ. ನಡುವಿನ ಇಳಿಜಾರನ್ನು ಒಂದು ಬೋಗಿಗಿಂತ ಉದ್ದವಾಗಿ ಉಜ್ಜಿ ಸಮ ಮಾಡಿ. ಎರಡು ಮಿ.ಮೀ. ವ್ಯತ್ಯಾಸ ಯಾರಿಗೆ ಕಾಣುತ್ತದೆ ಅಂದುಕೊಳ್ಳುತ್ತೀರಿ. ಎಲ್ಲರಿಗೂ ಕಾಣುತ್ತದೆ. ಏನು ಕಂಡಿತು ಅಂತ ಹೇಳಲು ಬರುವುದಿಲ್ಲ, ಅಷ್ಟೇ.

ಹಳಿ ಕೂರಿಸುವಾಗ ಗಮನ ಬೇಕಾಗುವುದು ಜೋಡಣೆಗಳಲ್ಲಿ. ಫ್ಲೆಕ್ಸ್ ಟ್ರ್ಯಾಕ್ (ಬೇಕಾದಂತೆ ಬಾಗುವ ಹಳಿ) ತುಂಡುಗಳ ಜೋಡಣೆ ತಿರುವಿನಲ್ಲಿ ಬರುವುದಾದರೆ, ಎರಡು ತುಂಡನ್ನೂ ನೇರವಾಗಿಟ್ಟು ಬೆಸುಗೆ ಹಾಕಿ, ಆಮೇಲೆ ಬಾಗಿಸಿ. ಬಾಗಿಸಿ ಜೋಡಿಸಿದರೆ ಅಲ್ಲೊಂದು ಮೂಲೆ ಮೂಡುತ್ತದೆ. ಫೋನ್ ಕ್ಯಾಮೆರಾವನ್ನು ಕಂಬಿಯ ಮೇಲೆ ಒರಗಿಸಿ ಉದ್ದಕ್ಕೆ ನೋಡಿ. ಬರಿಗಣ್ಣಿಗೆ ಕಾಣದ ಸೊಟ್ಟವೆಲ್ಲ ಅದರಲ್ಲಿ ಎದ್ದು ಕಾಣುತ್ತದೆ. ಕಂಬಿ ಬಿಸಿಗೆ, ಹಲಗೆ ತೇವಕ್ಕೆ ಹಿಗ್ಗಿ ಕುಗ್ಗುತ್ತವೆ. ಅದಕ್ಕೆ ನೇರ ಭಾಗದಲ್ಲಿ ಕೆಲವು ಜೋಡಣೆಗಳನ್ನು ಬೆಸುಗೆ ಇಲ್ಲದೆ ಕೂದಲೆಳೆ ಸಂದು ಕೊಟ್ಟು ಬಿಡಿ. ಎಂಜಿನ್‌ಗೆ ವಿದ್ಯುತ್ ಬರುವುದು ಕಂಬಿಯ ಮೂಲಕ. ಅದಕ್ಕೆ ಎರಡು ಕಂಬಿಯ ತುದಿ ಸೇರಿಸುವ ಜೋಡಣೆಯ ತಗಡನ್ನು ನಂಬಬೇಡಿ, ಪ್ರತಿ ತುಂಡಿಗೂ ಬೇರೆ ತಂತಿ ಕೊಡಿ. ತಂತಿಯನ್ನು ಕಂಬಿಯ ತಳಕ್ಕೆ ಅಥವಾ ನೋಡುವವರಿಗೆ ಕಾಣದ ಬದಿಗೆ ಬೆಸೆಯಿರಿ.

ಇಲ್ಲಿ ಒಂದು ಚಿಕ್ಕ ವಿಷಯ. ಜೋಡಣೆಯ ತಗಡು ಕೂರಲಿ ಅಂತ ನಾವು ತುದಿಯ ಎರಡು ಮೂರು ಪ್ಲಾಸ್ಟಿಕ್ ಸ್ಲೀಪರ್ ಕತ್ತರಿಸಿ ತೆಗೆಯುತ್ತೇವೆ. ಎಷ್ಟೋ ಜನ ಅಲ್ಲಿ ಹಾಗೇ ಬಿಟ್ಟುಬಿಡುತ್ತಾರೆ. ನಿಜವಾದ ಹಳಿಯಲ್ಲಿ ಜೋಡಣೆಯೇ ದುರ್ಬಲ ಜಾಗ. ಅದಕ್ಕೆ ಅಲ್ಲಿ ಸ್ಲೀಪರ್‌ಗಳನ್ನು ಇನ್ನೂ ಹತ್ತಿರ ಹತ್ತಿರ ಇಡುತ್ತಾರೆ. ನಾವು ಮಾಡುವುದು ಅದರ ತದ್ವಿರುದ್ಧ! ಕತ್ತರಿಸಿದ ಸ್ಲೀಪರ್‌ಗಳನ್ನು ಎಸೆಯಬೇಡಿ. ಮೇಲಿನ ಮೊಳೆಯ ಗುರುತು ಕೆರೆದು, ತಗಡು ಕೂರುವಷ್ಟು ತೆಳ್ಳಗೆ ಉಜ್ಜಿ, ಕಂಬಿಯ ಕೆಳಗೆ ತೂರಿಸಿ ಅಂಟಿಸಿ. ಒಂದು ಜೋಡಣೆಗೆ ಐದು ನಿಮಿಷ.

ಈಗ ಬಣ್ಣ. ಇದು ಜಲ್ಲಿಗಿಂತ ಮೊದಲು ಆಗಬೇಕು. ಜಲ್ಲಿ ಹಾಕಿದ ಮೇಲೆ ಕಂಬಿಯ ಬದಿಗೆ ಕುಂಚ ಹೋಗಲ್ಲ.

ನಮ್ಮ ಕಂಬಿ ನಿಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಇದೆ, ಒಳಗೆ ಇಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ ಅದು. ಅದರ ಹೊಳಪು ನೆತ್ತಿಯ ಮೇಲೆ ಚಂದ, ಬದಿಯಲ್ಲಿ ಅಲ್ಲ. ತುಕ್ಕು ಅಂದ ಕೂಡಲೇ ಎಲ್ಲರೂ ಕಿತ್ತಳೆ ಬಣ್ಣ ತೆಗೆದುಕೊಳ್ಳುತ್ತಾರೆ. ಕಿತ್ತಳೆ ಹೊಸ ತುಕ್ಕಿನ ಬಣ್ಣ, ಹೊಸದಾಗಿ ಹಾಕಿದ ಕಂಬಿಯಲ್ಲಿ ಕಾಣುತ್ತದೆ. ವರ್ಷಗಟ್ಟಲೆ ರೈಲು ಓಡಿದ ಕಂಬಿಯ ಬದಿ ಮಂಕು ಕಂದು. ಚಕ್ರ ಮತ್ತು ಬ್ರೇಕ್‌ನಿಂದ ಉದುರುವ ಕಬ್ಬಿಣದ ಪುಡಿ ಅದರ ಮೇಲೆ ಕೂತು, ಕಂಬಿ, ಮೊಳೆ, ಸ್ಲೀಪರ್‌ನ ನಡುಭಾಗ, ಪಕ್ಕದ ಜಲ್ಲಿ ಎಲ್ಲಕ್ಕೂ ಒಂದೇ ಧೂಳಿನ ಛಾಯೆ ಕೊಟ್ಟಿರುತ್ತದೆ. ಎರಡನೇ ಹಲಗೆಯಲ್ಲಿ ನಾನು ಗಾಢ ಕಂದು ಬಣ್ಣಕ್ಕೆ ಸ್ವಲ್ಪ ಬೂದು ಬೆರೆಸಿ ಹಚ್ಚಿದ್ದೇನೆ. ಅಲ್ಲಲ್ಲಿ ಮಾತ್ರ ಒಂದು ತುಂಡು ಕಂಬಿಯನ್ನು ಸ್ವಲ್ಪ ಕೆಂಪಗೆ ಬಿಟ್ಟಿದ್ದೇನೆ, ಇತ್ತೀಚೆಗೆ ಬದಲಾಯಿಸಿದ ಹಾಗೆ. ಹೊಳಪಿನ ಬಣ್ಣ ಬೇಡವೇ ಬೇಡ, ಮ್ಯಾಟ್ ಇರಲಿ. ಬಣ್ಣ ಒಣಗುವ ಮೊದಲೇ ನೆತ್ತಿ ಮತ್ತು ಒಳ ಅಂಚನ್ನು ಬಟ್ಟೆ ಸುತ್ತಿದ ಮರದ ತುಂಡಿನಿಂದ ಒರೆಸಿ. ಪಾಯಿಂಟ್‌ಗಳ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳ) ನಾಲಿಗೆ, ಅಂದರೆ ಅಲ್ಲಿ ಅತ್ತಿತ್ತ ಸರಿಯುವ ತುಂಡು, ಕಂಬಿಗೆ ತಾಗುವ ಜಾಗಕ್ಕೆ ಬಣ್ಣ ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ವಿದ್ಯುತ್ ಅಲ್ಲೇ ನಿಲ್ಲುತ್ತದೆ.

ಸ್ಲೀಪರ್ ಮರದ್ದಾದರೆ ಒಂದೊಂದೂ ಬೇರೆ ವಯಸ್ಸಿನದ್ದು. ಕ್ರಿಯೋಸೋಟ್ (ಮರ ಕೊಳೆಯದಂತೆ ಹಾಕುವ ಎಣ್ಣೆ) ಕುಡಿದ ಹೊಸದು ಕಪ್ಪು ಕಂದು, ಬಿಸಿಲು ಮಳೆ ತಿಂದದ್ದು ಬೆಳ್ಳಿ ಬೂದು. ಪ್ಲಾಸ್ಟಿಕ್ ಸ್ಲೀಪರ್‌ಗಳನ್ನು ತಂತಿ ಬ್ರಷ್‌ನಿಂದ ಉದ್ದಕ್ಕೆ ಗೀರಿ. ಮೊದಲು ಎಲ್ಲಕ್ಕೂ ಮಂಕು ಬೂದು ಹಚ್ಚಿ. ಆಮೇಲೆ ಮೂರು ನಾಲ್ಕು ಬೇರೆ ಛಾಯೆ ಕಲಸಿಕೊಂಡು ಹತ್ತರಲ್ಲಿ ಎರಡು ಮೂರಕ್ಕೆ ಮನಸ್ಸಿಗೆ ಬಂದ ಹಾಗೆ ಹಚ್ಚಿ. ಕೊನೆಗೆ ತುಂಬ ನೀರಾದ ಕಪ್ಪು ಬಣ್ಣ ಹರಿಸಿದರೆ ಅದು ಗೀರುಗಳಲ್ಲಿ ಇಳಿದು ಮರದ ನರ ಮೂಡುತ್ತದೆ. ಕಾಂಕ್ರೀಟ್ ಸ್ಲೀಪರ್ ಹಾಗಲ್ಲ. ಅವು ಒಟ್ಟಿಗೆ ಬಂದವು, ಒಟ್ಟಿಗೆ ಮುಪ್ಪಾಗುತ್ತವೆ. ಅವುಗಳಲ್ಲಿ ವೈವಿಧ್ಯ ತೋರಿಸಲು ಹೋದರೆ ಸುಳ್ಳು ಕಾಣುತ್ತದೆ.

ಈಗ ಜಲ್ಲಿ. ಯುರೋಪಿನಲ್ಲಿ ಮುಖ್ಯ ಮಾರ್ಗಕ್ಕೆ ಹಾಕುವ ಕಲ್ಲು ಸುಮಾರು 3ರಿಂದ 6 ಸೆಂ.ಮೀ. ಎಚ್‌ಒಗೆ ಇಳಿಸಿದರೆ ಒಂದು ಕಲ್ಲು ಅರ್ಧ ಮಿ.ಮೀ. ಆಸುಪಾಸು. ಸಣ್ಣ ಮರಳಿನ ಗಾತ್ರ. ಎಚ್‌ಒಗೆ ಅಂತ ಮಾರುವ ಎಷ್ಟೋ ಜಲ್ಲಿ ಇದಕ್ಕಿಂತ ದಪ್ಪ. ಒಂದು ಕಲ್ಲನ್ನು ಮಾದರಿ ಮನುಷ್ಯನ ಪಕ್ಕ ಇಟ್ಟು ನೋಡಿ. ಅವನು ಅದನ್ನು ಒಂದು ಕೈಯಲ್ಲಿ ಎತ್ತಬಲ್ಲನೇ? ಎರಡು ಕೈಯಲ್ಲಿ ತಬ್ಬಿಕೊಳ್ಳಬೇಕು ಅನ್ನಿಸಿದರೆ ಅದು ಜಲ್ಲಿ ಅಲ್ಲ, ಬಂಡೆ. ಎಚ್‌ಒಗಿಂತ ಚಿಕ್ಕದಾದ ಎನ್ ಸ್ಕೇಲ್‌ಗೆ ಅಂತ ಮಾರುವ ಪುಡಿಯನ್ನು ನಾನು ಎಚ್‌ಒಗೆ ಬಳಸುತ್ತೇನೆ. ಬಳಸುವ ಮೊದಲು ಅಯಸ್ಕಾಂತ ಆಡಿಸಿ. ನಿಜವಾದ ಕಲ್ಲಿನ ಪುಡಿಯಲ್ಲಿ ಕಬ್ಬಿಣದ ಅಂಶವಿದ್ದರೆ ಅದು ಎಂಜಿನ್ ಮೋಟರ್‌ಗೆ ಸೇರಿಕೊಳ್ಳುತ್ತದೆ.

ಹಾಕುವ ರೀತಿ ಹೀಗೆ. ಕಾಗದದ ಲೋಟದ ಅಂಚು ಚೂಪು ಮಾಡಿ, ಹಳಿಯ ನಡುವೆ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಮೃದು ಕುಂಚದಿಂದ ಹರಡಿ. ಆಮೇಲೆ ಕಂಬಿಯ ನೆತ್ತಿಗೆ ಕುಂಚದ ಹಿಡಿಕೆಯಿಂದ ಟಕಟಕ ತಟ್ಟಿ. ಸ್ಲೀಪರ್ ಮೇಲೆ ಕೂತ ಕಾಳುಗಳೆಲ್ಲ ಕೆಳಗೆ ಜಾರುತ್ತವೆ. ಜಲ್ಲಿ ಸ್ಲೀಪರ್‌ನ ಮೇಲ್ಮೈಗಿಂತ ಒಂದು ಕೂದಲು ಕೆಳಗೆ ನಿಲ್ಲಬೇಕು. ಸ್ಲೀಪರ್ ತುದಿಯಿಂದ ಆಚೆ ಸ್ವಲ್ಪ ಸಮತಟ್ಟಾಗಿ ಹೋಗಿ ಆಮೇಲೆ ಇಳಿಜಾರಾಗಬೇಕು. ಆ ಸಮತಟ್ಟು ಭುಜವೇ ನಿಜವಾದ ಹಳಿಯನ್ನು ಪಕ್ಕಕ್ಕೆ ಜಾರದಂತೆ ಹಿಡಿಯುವುದು. ಅಂಟು ಹಾಕುವ ಮೊದಲೇ ಇದೆಲ್ಲ ಮುಗಿಯಬೇಕು. ಒಣಗಿದ ಮೇಲೆ ಸ್ಲೀಪರ್‌ಗೆ ಅಂಟಿದ ಒಂದೊಂದು ಕಾಳನ್ನು ಕೆರೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಆಮೇಲೆ ನೆನೆಸುವುದು. ಒಣ ಪುಡಿಯ ಮೇಲೆ ನೀರಿನ ಹನಿ ಬಿದ್ದರೆ ಏನಾಗುತ್ತದೆ? ಅದು ಗುಂಡಾಗಿ ನಿಂತು, ಮೈಗೆಲ್ಲ ಪುಡಿ ಮೆತ್ತಿಕೊಂಡು ಉರುಳುತ್ತದೆ. ಜಲ್ಲಿಯಲ್ಲಿ ಗುಂಡಿ ಬೀಳುತ್ತದೆ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದರೆ ಆ ಬಿಗಿತ ಹೋಗಿ ನೀರು ಇಂಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಇನ್ನೂ ಚೆನ್ನ. ಆದರೆ ಅದು ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆಗೆದಿರಲಿ, ಬೆಸುಗೆ ಕಡ್ಡಿ ದೂರ ಇರಲಿ. ದೂರದಿಂದ ಮಂಜಿನ ಹಾಗೆ ಸಿಂಪಡಿಸಿ, ಜಲ್ಲಿಯ ಬಣ್ಣ ಪೂರ್ತಿ ಗಾಢವಾಗುವ ತನಕ. ಆಮೇಲೆ ಒಂದು ಪಾಲು ಬಿಳಿ ಅಂಟಿಗೆ ಎರಡು ಪಾಲು ನೀರು ಬೆರೆಸಿ, ಡ್ರಾಪರ್‌ನಿಂದ ಹನಿ ಹನಿಯಾಗಿ ಬಿಡಿ. ಹನಿ ಮುಟ್ಟಿದ ತಕ್ಷಣ ಜಲ್ಲಿ ಅದನ್ನು ಹೀರಿಕೊಂಡರೆ ಸರಿಯಾಗಿ ನೆನೆದಿದೆ ಅಂತ ಅರ್ಥ. ಒಂದು ರಾತ್ರಿ ಮುಟ್ಟಬೇಡಿ. ಬಿಳಿ ಅಂಟು ಗಟ್ಟಿಯಾಗಿ ಒಣಗುವುದರಿಂದ ರೈಲಿನ ಸದ್ದು ಹಲಗೆಗೆ ಹೋಗುತ್ತದೆ. ಸದ್ದು ಕಡಿಮೆ ಬೇಕಾದವರು ಮ್ಯಾಟ್ ಮೀಡಿಯಂ (ಒಣಗಿದ ಮೇಲೂ ಸ್ವಲ್ಪ ಮೆತ್ತಗಿರುವ, ಹೊಳೆಯದ ಅಕ್ರಿಲಿಕ್ ದ್ರವ) ಬಳಸಿ.

ಪಾಯಿಂಟ್‌ಗಳ ಹತ್ತಿರ ಮಾತ್ರ ಈ ವಿಧಾನ ಬೇಡ. ನಾನು ಮೊದಲ ಬಾರಿ ಜಲ್ಲಿ ಹಾಕಿದಾಗ ಇಡೀ ಸ್ಟೇಷನ್ ಯಾರ್ಡ್ ಒಂದೇ ಸಂಜೆ ಮುಗಿಸಿದ್ದೆ. ಬೆಳಿಗ್ಗೆ ಎದ್ದು ಬಂದು ನೋಡಿದರೆ ಆರು ಪಾಯಿಂಟ್‌ಗಳಲ್ಲಿ ನಾಲ್ಕು ಅಲ್ಲಾಡಲಿಲ್ಲ. ನಾಲಿಗೆಯ ಹತ್ತಿರ ನಾನು ಅಂಟು ಹಾಕಿಯೇ ಇರಲಿಲ್ಲ. ಒದ್ದೆ ಜಲ್ಲಿಯೊಳಗೆ ಅದೇ ತೆವಳಿಕೊಂಡು ಬಂದು ನಾಲಿಗೆಯ ಅಡಿ ಸೇರಿತ್ತು. ಬಿಳಿ ಅಂಟು ಮತ್ತೆ ನೀರು ಕುಡಿದರೆ ಮೆತ್ತಗಾಗುತ್ತದೆ, ಅದರಿಂದ ಮೂರನ್ನು ಉಳಿಸಿಕೊಂಡೆ. ಒಂದನ್ನು ಕಿತ್ತೇ ಹಾಕಬೇಕಾಯಿತು. ಈಗ ಪಾಯಿಂಟ್‌ಗಳನ್ನು ಕೊನೆಗೆ ಮಾಡುತ್ತೇನೆ. ನಾಲಿಗೆ ಜಾರುವ ಜಾಗಕ್ಕೆ ಒಂದು ತೊಟ್ಟು ಎಣ್ಣೆ ಹಚ್ಚುತ್ತೇನೆ. ಅಲ್ಲಿ ಜಲ್ಲಿ ಒಂದೇ ಪದರ, ಅಂಟು ಸೂಜಿಯ ತುದಿಯಲ್ಲಿ. ಒಣಗುವ ತನಕ ಆಗಾಗ ನಾಲಿಗೆ ಆಡಿಸುತ್ತಿರುತ್ತೇನೆ. ನಿಜವಾದ ಹಳಿಯಲ್ಲೂ ಆ ಜಾಗದಲ್ಲಿ ಜಲ್ಲಿ ಕಡಿಮೆಯೇ ಇರುತ್ತದೆ, ಕಲ್ಲು ಸಿಕ್ಕಿಕೊಂಡರೆ ಪಾಯಿಂಟ್ ಕೂರುವುದಿಲ್ಲ. ಜಾರುವ ತಟ್ಟೆಗಳ ಮೇಲೆ ಗ್ರೀಸ್‌ನ ಕಪ್ಪು ಕಲೆ ಇರುತ್ತದೆ, ಅದನ್ನೂ ಸಣ್ಣ ಕುಂಚದಿಂದ ಇಡಿ.

ಈಗ ಎರಡನೇ ಹಲಗೆಯ ಎಡ ತುದಿ ನೋಡಿ. ಜೋಡಣೆಯ ಹತ್ತಿರ ಎರಡು ಸ್ಲೀಪರ್ ಮಸುಕು ಬೂದಾಗಿವೆ, ಜಲ್ಲಿಯ ಸಂದು ಮುಚ್ಚಿಹೋಗಿದೆ. ಕಂಬಿಯ ಬದಿಗೂ ಕೆಸರು ಸಿಡಿದಿದೆ. ಜಲ್ಲಿಯಲ್ಲಿ ಮಣ್ಣು, ಪುಡಿ ಸೇರಿ ನೀರು ಇಳಿಯದೆ ನಿಂತಾಗ, ಪ್ರತಿ ಚಕ್ರ ಜೋಡಣೆಯ ಮೇಲೆ ಬಿದ್ದಾಗಲೂ ಸ್ಲೀಪರ್ ಒಂದಿಷ್ಟು ಕೆಳಗೆ ಹೋಗಿ ಮೇಲೆ ಬರುತ್ತದೆ. ಪಂಪಿನ ಹಾಗೆ. ಕೆಳಗಿನ ಕೆಸರು ಮೇಲಕ್ಕೆ ಉಕ್ಕುತ್ತದೆ, ಒಣಗಿ ಬೆಳ್ಳಗಾಗುತ್ತದೆ. ನುಣ್ಣನೆ ಬೂದು ಪುಡಿಯನ್ನು ಅಂಟು ನೀರಿನಲ್ಲಿ ಕಲಸಿ ಇಷ್ಟೇ ಜಾಗಕ್ಕೆ ಹಚ್ಚಿದ್ದೇನೆ, ಹೆಬ್ಬೆರಳ ಉಗುರಿನಷ್ಟು. ಇಡೀ ಹಲಗೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು. ಇಡೀ ಲೇಔಟ್‌ಗೆ ಒಂದೋ ಎರಡೋ ಸಾಕು, ಅದೂ ಜೋಡಣೆಯ ಹತ್ತಿರ ಮಾತ್ರ. ಹಾಗೆಯೇ ಸಿಗ್ನಲ್ ಮುಂದೆ, ಎಂಜಿನ್ ಕಾಯುತ್ತಾ ನಿಲ್ಲುವ ಜಾಗದಲ್ಲಿ ಕಂಬಿಗಳ ನಡುವೆ ಎಣ್ಣೆ ತೊಟ್ಟಿಕ್ಕಿದ ಗಾಢ ಪಟ್ಟೆ ಇರಲಿ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಉದ್ದನೆಯ ಕಂಬಿಯಲ್ಲಿ ಜೋಡಣೆಯ ಗುರುತು ಮಾಡಬೇಕೇ ಅಂತ ಒಬ್ಬರು ಕೇಳಿದರು. ನೀವು ಯಾವ ಕಾಲ, ಯಾವ ದೇಶ ಕಟ್ಟುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ಹಿಂದೆ ಕಂಬಿ 39 ಅಡಿ ಇರುತ್ತಿತ್ತು, 40 ಅಡಿಯ ವ್ಯಾಗನ್‌ನಲ್ಲಿ ಹಿಡಿಸಲಿ ಅಂತ. ಎಚ್‌ಒದಲ್ಲಿ ಅದು ಸುಮಾರು 136.5 ಮಿ.ಮೀ. ಅಲ್ಲಿ ಎಡ ಬಲದ ಜೋಡಣೆಗಳು ಎದುರುಬದುರು ಬರುವುದಿಲ್ಲ, ಒಂದರ ನಡುವೆ ಇನ್ನೊಂದು. ಬ್ರಿಟನ್ನಿನಲ್ಲಿ 60 ಅಡಿಯ ಕಂಬಿ, ಜೋಡಣೆಗಳು ಎದುರುಬದುರು. ನೆತ್ತಿಯ ಮೇಲೆ ತೆಳು ಗರಗಸದಿಂದ ಒಂದು ಗೀರು ಹಾಕಿ, ಬದಿಗೆ ಪುಟ್ಟ ಪ್ಲಾಸ್ಟಿಕ್ ಫಿಷ್ ಪ್ಲೇಟ್ (ಎರಡು ಕಂಬಿಗಳನ್ನು ಸೇರಿಸುವ ಪಟ್ಟಿ) ಅಂಟಿಸಿದರೆ ಕಣ್ಣಿಗೂ ಆಯಿತು, ಟಕ್ ಟಕ್ ಅಂತ ಕಿವಿಗೂ ಆಯಿತು. ಬೆಸುಗೆ ಹಾಕಿದ ಉದ್ದ ಕಂಬಿಯ ಇಂದಿನ ಮಾರ್ಗ ಕಟ್ಟುವವರಿಗೆ ಇದು ಬೇಡ.

ಇನ್ನೊಬ್ಬರು ಕೇಳಿದ್ದು: ಬಳಕೆ ಕಡಿಮೆ ಇರುವ ಸೈಡಿಂಗ್‌ನಲ್ಲಿ ನೆತ್ತಿಯೂ ತುಕ್ಕು ಹಿಡಿದಿರುತ್ತದೆ, ಆದರೆ ಬಣ್ಣ ಹಚ್ಚಿದರೆ ವಿದ್ಯುತ್ ಹರಿಯಲ್ಲ, ಏನು ಮಾಡುವುದು? ಎಂಜಿನ್ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ನೆತ್ತಿಯನ್ನು ಉಜ್ಜಿ ಇಡಿ. ಅದರಾಚೆ, ಹಳಿಯ ತುದಿಯಲ್ಲಿ ರೈಲನ್ನು ತಡೆಯುವ ಬಫರ್‌ವರೆಗಿನ ಕೊನೆಯ ಗೇಣಿನಲ್ಲಿ ನೆತ್ತಿಗೂ ಕಂದು ಹಚ್ಚಿ. ಹೊಳಪು ಒಮ್ಮೆಲೇ ನಿಲ್ಲದೆ ನಿಧಾನವಾಗಿ ಮಂಕಾಗಲಿ. ಆ ಗೇಣಿನಲ್ಲಿ ಜಲ್ಲಿ ಬೇಡ, ಮಣ್ಣು ಮತ್ತು ಬೂದಿ ಸಾಕು. ಸ್ಲೀಪರ್‌ಗಳು ಅರ್ಧ ಹೂತಿರಲಿ. ನೀರು ನಿಲ್ಲುವ ಜಾಗ ಅದು, ಹುಲ್ಲು ಮೊದಲು ಬರುವುದು ಅಲ್ಲೇ. ಕಂಬಿಗಳ ನಡುವೆ ನಾಲ್ಕು ಎಸಳು ನೆಡಿ, ಬಫರ್‌ಗೆ ಒರಗಿ ಒಂದು ಪೊದೆ.